ಹೊಸ ಪ್ಯಾನೆಲ್ ಕೂರುವವರೆಗೆ ಹಳೇ ತಗಡು ಕೊಯ್ಯಬೇಡಿ

ಸಂಪಾದಕರಿಗೆ,

ಮಾನ್ಯರೇ,

ಬಳ್ಳಾರಿ, ಸಿರುಗುಪ್ಪ, ಸಂಡೂರು, ಗಂಗಾವತಿ, ರಾಯಚೂರು ಕಡೆ ಶೆಡ್ಡಿನ ಮೂಲೆಯಲ್ಲಿ ನಿಂತುಹೋಗಿದ್ದ ಅಂಬಾಸಿಡರ್, ಪದ್ಮಿನಿ, ಜೀಪುಗಳನ್ನು ಹೊರಗೆಳೆದು ಮತ್ತೆ ರಸ್ತೆಗೆ ತರುವ ಹುಮ್ಮಸ್ಸು ಈಗ ಚೆನ್ನಾಗಿದೆ. ಸಂತೋಷದ ಮಾತೇ. ಆದರೆ ಈ ಗಾಡಿಗಳು ಹಾಳಾಗುತ್ತಿರುವುದು ಎಂಜಿನ್ ಕೆಲಸದಲ್ಲಿ ಅಲ್ಲ, ತಗಡಿನ ಕೆಲಸದಲ್ಲಿ. ಗಾಡಿಯ ಮಾಲೀಕರೂ ಟಿಂಕರಿಂಗ್, ಅಂದರೆ ಬಾಡಿಯ ತಗಡು ಕೆಲಸ, ಮಾಡುವವರೂ ಒಟ್ಟಿಗೆ ಓದಲಿ ಎಂದು ಈ ಪತ್ರ.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿ ಅದಕ್ಕೂ ಬಹಳ ಮೊದಲೇ ನಿಂತಿತ್ತು. ಕಂಪನಿಯ ಹಳೇ ಸ್ಟಾಕ್ ಮಡ್ಗಾರ್ಡ್, ಬಾಗಿಲು ಈಗ ಸಿಗುವುದೇ ಅಪರೂಪ. ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್, ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದರೆ ಸಿಗುವುದರಲ್ಲಿ ಹೆಚ್ಚಿನದು ನಕಲು ಅಚ್ಚಿನ ಪ್ಯಾನೆಲ್, ಅಂದರೆ ಕಂಪನಿಯದಲ್ಲದ ಅಚ್ಚಿನಲ್ಲಿ ಒತ್ತಿದ ಬಾಡಿಯ ತಗಡು. ಅದು ಲಾರಿ ಆಫೀಸಿಗೆ ಬಂದು ಇಳಿದ ದಿನವೇ ತಪ್ಪು ಶುರುವಾಗುತ್ತದೆ. ‘ಪ್ಯಾನೆಲ್ ಬಂದೈತಿ, ಹಳೇದು ಕಿತ್ತಾಕು’ ಎಂದು ಮಾಲೀಕರ ಫೋನ್ ಬರುತ್ತದೆ. ಗ್ರೈಂಡರ್ ಹಿಡಿದರೆ ಅರ್ಧ ದಿನದಲ್ಲಿ ಹಳೇದು ನೆಲಕ್ಕೆ, ಸಂಜೆಗೆ ಗುಜರಿಗೆ. ಮರುದಿನ ಹೊಸದನ್ನು ಹಿಡಿದು ನೋಡಿದರೆ ‘ಕುಂದ್ರವಲ್ದು’. ಅಲ್ಲಿಂದ ಎಳೆಯುವುದು, ಬಡಿಯುವುದು, ಸೀಳುವುದು, ಕೊನೆಗೆ ಅರ್ಧ ಇಂಚು ಪುಟ್ಟಿ ಬಳಿದು ಮುಚ್ಚುವುದು. ಹೋಲಿಸಿ ನೋಡಲು ಹಳೇ ತಗಡೇ ಇಲ್ಲವಾದ್ದರಿಂದ ತಪ್ಪು ಪ್ಯಾನೆಲ್ಲಿನದೋ ಬಾಡಿಯದೋ ಎಂದು ಹೇಳಲೂ ಆಗುವುದಿಲ್ಲ.

ನಕಲು ಪ್ಯಾನೆಲ್ ಪೆಟ್ಟಿಗೆಯಿಂದ ತೆಗೆದ ಹಾಗೇ ಕೂರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಕೆಲಸಕ್ಕೆ ಇಳಿಯಬೇಕು. ಕಾರಣ ಸರಳ. ಅಚ್ಚು ಮಾಡುವವರು ಕಂಪನಿಯ ನಕ್ಷೆ ಇಟ್ಟುಕೊಂಡು ಮಾಡುವುದಿಲ್ಲ, ಯಾವುದೋ ಗಾಡಿಯಿಂದ ಬಿಚ್ಚಿದ ಮಡ್ಗಾರ್ಡನ್ನು ನೋಡಿ ಮಾಡುತ್ತಾರೆ. ಆ ಮಡ್ಗಾರ್ಡ್ ಹಿಂದೆ ಎಲ್ಲಿಯೋ ಗುದ್ದಿಸಿಕೊಂಡು ರಿಪೇರಿಯಾಗಿದ್ದರೆ ಆ ಸೊಟ್ಟವೂ ಅಚ್ಚಿಗೆ ಇಳಿಯುತ್ತದೆ. ಒತ್ತುವ ಪ್ರೆಸ್ಸಿಗೆ ಬಲ ಸಾಲದಿದ್ದರೆ ಮೈಮೇಲಿನ ಗೆರೆಗಳು ಮೊಂಡಾಗುತ್ತವೆ, ಉಬ್ಬು ತಗ್ಗುತ್ತದೆ. ಒತ್ತಿ ಬಿಟ್ಟ ಮೇಲೆ ತಗಡು ಸ್ವಲ್ಪ ಹಿಂದಕ್ಕೆ ಚಿಮ್ಮುವುದು ಅದರ ಗುಣ. ಅದಕ್ಕೆ ಲೆಕ್ಕ ಬಿಡದೆ ಅಚ್ಚು ಮಾಡಿದ್ದರೆ ಚಕ್ರದ ಕಮಾನು ಅಗಲವಾಗಿ ಬರುತ್ತದೆ. ಬೋಲ್ಟಿನ ತೂತುಗಳನ್ನು ಆಮೇಲೆ ಕೈಯಲ್ಲಿ ಹೊಡೆಯುವುದರಿಂದ ನಾಲ್ಕೈದು ಮಿಲಿಮೀಟರ್ ಅತ್ತಿತ್ತ ಇರುವುದು ಮಾಮೂಲು. ಒಳಗಡೆ ಮಡಚಿದ ಅಂಚು ಗಿಡ್ಡವಾಗಿರುತ್ತದೆ, ಕೆಲವದರಲ್ಲಿ ಅಂಚೇ ಇರುವುದಿಲ್ಲ.

ದಪ್ಪವನ್ನು ವರ್ನಿಯರ್ ಎಂಬ ಅಳತೆ ಸಾಧನ ಹಿಡಿದೇ ನೋಡಿ, ಬೆರಳಿನ ಅಂದಾಜು ನಂಬಬೇಡಿ. 20 ಗೇಜ್ ಎಂದರೆ 0.91 ಮಿ.ಮೀ., 22 ಗೇಜ್ ಎಂದರೆ 0.71 ಮಿ.ಮೀ. ನಮ್ಮ ಹಳೇ ಕಾರುಗಳ ಹೊರಮೈ ತಗಡು 20 ಗೇಜಿನ ಆಸುಪಾಸಿನದು. ಅಗ್ಗದ ನಕಲು ಬಹುಪಾಲು 22. ಕಾಲು ಮಿಲಿಮೀಟರೂ ಇಲ್ಲದ ವ್ಯತ್ಯಾಸ ಅನ್ನಿಸಬಹುದು. ಆದರೆ ವೆಲ್ಡಿಂಗಿನ ಕಾವಿಗೆ 22 ಗೇಜ್ ಬೇಗ ಅಲೆಯಾಗುತ್ತದೆ, ಬಾನೆಟ್ಟಿನಂಥ ಅಗಲ ತಗಡಾದರೆ ಅಂಗೈ ಒತ್ತಿದಲ್ಲಿ ಡಬ್ ಎಂದು ಒಳಗೆ ಹೋಗಿ ಹೊರಗೆ ಬರುತ್ತದೆ. ಬಾಗಿಲಡಿಯ ಸಿಲ್, ಜಾಕಿ ಕೂರುವ ಜಾಗ, ಫ್ಲೋರಿನ ಅಡ್ಡಪಟ್ಟಿಗಳಂಥ ಭಾರ ಹೊರುವ ಕಡೆ 18 ಗೇಜ್, ಅಂದರೆ 1.2 ಮಿ.ಮೀ.ಗಿಂತ ತೆಳ್ಳಗಿನದನ್ನು ಹಾಕಲೇಬಾರದು.

ಲಾರಿ ಆಫೀಸಿನಲ್ಲಿ ಸಹಿ ಹಾಕುವ ಮೊದಲು ಪ್ಯಾನೆಲ್ಲಿನ ನಾಲ್ಕು ಮೂಲೆ ನೋಡಿ. ದಾರಿಯಲ್ಲಿ ಮೂಲೆ ಮಡಚಿಕೊಂಡದ್ದನ್ನು ಅಂಗಡಿಯವರು ಆಮೇಲೆ ಒಪ್ಪುವುದಿಲ್ಲ. ಮೇಲಿನ ಕಪ್ಪು ಲೇಪನ ಯಾವುದು ಎಂಬುದಕ್ಕೂ ಪರೀಕ್ಷೆ ಇದೆ. ಬಟ್ಟೆಯನ್ನು ಲಕ್ಕರ್ ಥಿನ್ನರಿನಲ್ಲಿ ಅದ್ದಿ ಒಂದು ನಿಮಿಷ ಉಜ್ಜಿ. ಬಟ್ಟೆ ಕಪ್ಪಾಗಿ ತಗಡು ಬೆಳ್ಳಗಾದರೆ ಅದು ದಾರಿಯಲ್ಲಿ ತುಕ್ಕು ಹಿಡಿಯದಿರಲಿ ಎಂದು ಬಳಿದ ಬಣ್ಣ ಅಷ್ಟೇ. ಪೂರ್ತಿ ಕೆರೆದು ತೆಗೆಯಬೇಕು, ಅದರ ಮೇಲೆ ಪ್ರೈಮರ್ ಹೊಡೆದರೆ ಅದರ ಸಮೇತ ಎದ್ದು ಬರುತ್ತದೆ. ಉಜ್ಜಿದರೂ ಜಗ್ಗದಿದ್ದರೆ ಅದು ತೊಟ್ಟಿಯಲ್ಲಿ ಮುಳುಗಿಸಿ ಕರೆಂಟಿನಿಂದ ಹತ್ತಿಸಿದ ಲೇಪನ. ಅದನ್ನು ಉಳಿಸಿಕೊಂಡು, 320 ನಂಬರಿನ ಕಾಗದದಿಂದ ಮೈ ಒರಟು ಮಾಡಿ ಮುಂದುವರಿಯಬಹುದು.

ಆಮೇಲೆ ರಟ್ಟಿನ ಅಚ್ಚು. ಗಾಡಿಯ ಚೆನ್ನಾಗಿರುವ ಪಕ್ಕದ ಮಡ್ಗಾರ್ಡಿಗೆ ನಾಲ್ಕೈದು ಕಡೆ ರಟ್ಟು ಹಿಡಿದು ಅದರ ಬಾಗನ್ನು ಕತ್ತರಿಸಿಕೊಳ್ಳಿ, ಅದೇ ರಟ್ಟನ್ನು ತಿರುವಿ ಹೊಸ ಪ್ಯಾನೆಲ್ಲಿನ ಅದೇ ಜಾಗಕ್ಕೆ ಹಿಡಿಯಿರಿ. ಬೆಳಕು ಎಲ್ಲಿ ತೂರುತ್ತದೋ ಅಲ್ಲಿ ವ್ಯತ್ಯಾಸ. ತೂತುಗಳ ಅಂತರಕ್ಕೆ ದಿನಪತ್ರಿಕೆಯ ಹಾಳೆ ಸಾಕು: ಹಳೇ ಅಂಚಿನ ಮೇಲೆ ಹಾಸಿ ಬೆರಳಿನಿಂದ ಉಜ್ಜಿದರೆ ತೂತಿನ ಗುರುತು ಮೂಡುತ್ತದೆ. ನಿಮ್ಮ ಪತ್ರಿಕೆಗೆ ಈ ಉಪಯೋಗವೂ ಉಂಟು, ಬೇಸರ ಮಾಡಿಕೊಳ್ಳಬೇಡಿ. ಅಂಬಾಸಿಡರ್ ಆದರೆ ಯಾವ ಮಾರ್ಕ್ (ಮಾದರಿ) ಎಂಬುದನ್ನು ತರಿಸುವ ಮೊದಲೇ ಹೇಳಬೇಕು. ಮಾರ್ಕ್ 2, 3, 4ರ ನಡುವೆ ಗ್ರಿಲ್ಲೂ ಪಾರ್ಕಿಂಗ್ ದೀಪವೂ ಬದಲಾಗಿವೆ. ‘ಎಲ್ಲದಕ್ಕೂ ಬರುತ್ತೆ’ ಎಂದು ಅಂಗಡಿಯವರು ಕೊಟ್ಟದ್ದನ್ನು ತಂದರೆ ಅಸಲಿ ಮುಖ ಹೋಗುತ್ತದೆ.

ಈಗ ಗಾಡಿಯ ಕಡೆ. ಅಂಬಾಸಿಡರ್, ಪದ್ಮಿನಿ ಎರಡರಲ್ಲೂ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಸಿಲ್ ತುಕ್ಕು ಹಿಡಿದ ಗಾಡಿಯ ನಡುವಿಗೆ ಜಾಕಿ ಕೊಟ್ಟು ಎತ್ತಿದರೆ ಬಾಗಿಲ ಕಿಂಡಿ ಆಕಾರ ಕೆಡುತ್ತದೆ, ಆ ಸ್ಥಿತಿಯಲ್ಲಿ ಹೊಸ ಸಿಲ್ ಬೆಸೆದರೆ ಆ ಸೊಟ್ಟವೇ ಖಾಯಂ. ಗಾಡಿ ತನ್ನ ಚಕ್ರದ ಮೇಲೆ, ಇಲ್ಲವೇ ಹಿಂದೆ ಆಕ್ಸಲ್ಲಿನ ಅಡಿ, ಮುಂದೆ ಸಸ್ಪೆನ್ಷನ್ನಿನ ಅಡಿ ಸ್ಟ್ಯಾಂಡ್ ಕೊಟ್ಟು, ಸಮ ನೆಲದಲ್ಲಿ ನಿಂತಿರಬೇಕು. ಎಂಜಿನ್, ಗಾಜು ತೆಗೆದ ಖಾಲಿ ಬಾಡಿಯಲ್ಲಿ ಪ್ಯಾನೆಲ್‌ಗಳ ನಡುವಿನ ಸಂದು ಹೊಂದಿಸಿದರೆ ಎಂಜಿನ್ ಕೂರಿಸಿದ ದಿನ ಅದು ಬದಲಾಗುತ್ತದೆ. ಎಂಜಿನ್ ಆಗಲೇ ಇಳಿಸಿದ್ದರೆ ಅಷ್ಟೇ ತೂಕದ ಮರಳಿನ ಚೀಲವನ್ನಾದರೂ ಅಲ್ಲಿ ಹೇರಿ.

ಕೊಯ್ಯುವ ಮೊದಲು ಬಾಗಿಲ ಕಿಂಡಿಗೆ 25 ಮಿ.ಮೀ. ಚೌಕ ಪೈಪಿನ ಆನಿಕೆ ಬೆಸೆಯಿರಿ. ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಒಂದು ಅಡ್ಡ, ಮೂಲೆಯಿಂದ ಮೂಲೆಗೆ ಒಂದು, ಎಡದಿಂದ ಬಲಕ್ಕೆ ಕಂಬಗಳ ನಡುವೆ ಒಂದು. ಆನಿಕೆ ಬಾಗಿಲು ಮುಚ್ಚಲು ಅಡ್ಡ ಬರದ ಹಾಗೆ ಒಳಗೆ ಸರಿದಿರಲಿ. ಬಾಗಿಲನ್ನು ತೂಗುಹಾಕಿ ನೋಡಲಾಗದ ಆನಿಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಿಂಡಿಯ ಎರಡೂ ಕರ್ಣ ಅಳೆದು ಎಡ-ಬಲ ಹೋಲಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಎರಡು ಪಕ್ಕಕ್ಕೂ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಾಡಿಯೇ ಬಾಗಿದೆ. ಅದನ್ನು ಎಳೆದು ಸರಿಮಾಡದೆ ಪ್ಯಾನೆಲ್ ಮುಟ್ಟುವುದು ವ್ಯರ್ಥ. ಹಳೇ ಪ್ಯಾನೆಲ್ ಇರುವಾಗಲೇ ಸಂದುಗಳನ್ನು ಗೇಣಿಗೊಮ್ಮೆ ಅಳೆದು, ಫೋಟೋ ತೆಗೆದಿಟ್ಟುಕೊಳ್ಳಿ.

ಬಾಗಿಲಿನ ಹಿಂಜಿನ ಪಿನ್ ಸವೆದಿದೆಯೇ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಬಾಗಿಲು ತೆರೆದು ತುದಿ ಹಿಡಿದು ಮೇಲಕ್ಕೆತ್ತಿ. ಕಟಕ್ ಎಂದು ಆಡಿದರೆ ಮೊದಲು ಪಿನ್ನು, ಬುಶ್ ಬದಲಾಯಿಸಿ. ಜೋತ ಬಾಗಿಲಿಗೆ ಮಡ್ಗಾರ್ಡ್ ಹೊಂದಿಸಿದರೆ ಪಿನ್ ಹಾಕಿದ ದಿನ ಎಲ್ಲ ಕೆಡುತ್ತದೆ. ಬಾಗಿಲ ರಬ್ಬರ್ ಕೂಡ ಹೊಸದನ್ನೇ ಹಾಕಿ ನೋಡಬೇಕು. ಈಗ ಸಿಗುವ ರಬ್ಬರ್ ಹಳೇದಕ್ಕಿಂತ ಗಟ್ಟಿ, ಬಾಗಿಲನ್ನು ಎರಡು ಮೂರು ಮಿಲಿಮೀಟರ್ ಹೊರಗೆ ತಳ್ಳುತ್ತದೆ. ಪೇಂಟ್ ಮುಗಿದ ಮೇಲೆ ಇದು ಗೊತ್ತಾದರೆ ಅಳಬೇಕು ಅಷ್ಟೇ.

ಹೊಂದಿಸುವ ಕ್ರಮ ಹಿಂದಿನಿಂದ ಮುಂದಕ್ಕೆ. ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ತಗಡು) ಬಾಡಿಗೆ ಬೆಸೆದದ್ದು, ಅಲುಗದು. ಹಾಗಾಗಿ ಹಿಂದಿನ ಬಾಗಿಲನ್ನು ಅದಕ್ಕೆ ಹೊಂದಿಸಿ, ಮುಂದಿನ ಬಾಗಿಲನ್ನು ಹಿಂದಿನ ಬಾಗಿಲಿಗೆ, ಮಡ್ಗಾರ್ಡನ್ನು ಮುಂದಿನ ಬಾಗಿಲಿಗೆ, ಬಾನೆಟ್ಟನ್ನು ಎರಡೂ ಮಡ್ಗಾರ್ಡಿಗೆ, ಕೊನೆಗೆ ಗ್ರಿಲ್, ದೀಪದ ಬಳೆ, ಬಂಪರ್. ಮುಂದಿನಿಂದ ಶುರುಮಾಡಿದವರು ಕೊನೆಗೆ ಬಾಗಿಲ ಬಳಿ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ, ಏಕೆಂದರೆ ಉಳಿದ ತಪ್ಪೆಲ್ಲ ಅಲ್ಲಿ ಬಂದು ಸೇರುತ್ತದೆ, ಸರಿಸಲು ಜಾಗ ಇರುವುದಿಲ್ಲ. ಹಿಂದಿನ ಕ್ವಾರ್ಟರ್ ಪ್ಯಾನೆಲ್ಲೇ ಬದಲಾಗುವುದಿದ್ದರೆ ಹಿಂದಿನ ಬಾಗಿಲನ್ನು ಹಳೇ ಕಂಬಕ್ಕೆ ಸರಿಯಾಗಿ ತೂಗುಹಾಕಿ, ಆ ಬಾಗಿಲನ್ನೇ ಅಳತೆಯಾಗಿಟ್ಟುಕೊಂಡು ಪ್ಯಾನೆಲ್ ಕೂರಿಸಿ.

ಬಾಗಿಲ ಸಂದು 4ರಿಂದ 5 ಮಿ.ಮೀ. ಇದ್ದು ಉದ್ದಕ್ಕೂ ಒಂದೇ ಸಮ ಓಡಿದರೆ ಸಾಕು. ಈಗಿನ ಕಾರುಗಳ ಹಾಗೆ 3 ಮಿ.ಮೀ.ಗೆ ತರಲು ಹಟ ಮಾಡಬೇಡಿ. ಅಂಬಾಸಿಡರ್ ಕಾರ್ಖಾನೆಯಿಂದ ಬಂದಾಗಲೇ ಹಾಗಿರಲಿಲ್ಲ. ಹಳೇ ಹಿಂಜಿನ ಬಾಗಿಲು ತೆರೆಯುವಾಗ ಅದರ ಮುಂದಿನ ಅಂಚು ಮಡ್ಗಾರ್ಡಿನ ಕಡೆ ತಿರುಗಿ ಬರುತ್ತದೆ, ಬಿಗಿ ಮಾಡಿದರೆ ಬಣ್ಣ ಉಜ್ಜುತ್ತದೆ. ಬಣ್ಣದ ಪದರಗಳೂ ಎರಡೂ ಅಂಚು ಸೇರಿ ಅರ್ಧ ಮಿಲಿಮೀಟರ್ ತಿನ್ನುತ್ತವೆ ಎಂಬುದು ಲೆಕ್ಕದಲ್ಲಿರಲಿ. ಲೆವೆಲ್ ವಿಚಾರಕ್ಕೆ ಬಂದರೆ, ಹಿಂದಿನ ಪ್ಯಾನೆಲ್ಲಿನ ಮುಂದಂಚು ಮುಂದಿನದರ ಹಿಂದಂಚಿಗಿಂತ ಎದ್ದು ನಿಲ್ಲಬಾರದು. ಸಮ ಬರದಿದ್ದರೆ ಅರ್ಧ ಮಿಲಿಮೀಟರ್ ಒಳಗಿರಲಿ. ಎದ್ದು ನಿಂತರೆ ಗಾಳಿ ಸದ್ದು ಮಾಡುತ್ತದೆ, ಕಣ್ಣಿಗೂ ಚುಚ್ಚುತ್ತದೆ.

ಇದನ್ನೆಲ್ಲ ವೈಸ್ ಗ್ರಿಪ್ಪು (ಕಚ್ಚಿ ಹಿಡಿಯುವ ಇಕ್ಕಳ), ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗಳಲ್ಲೇ ಮಾಡಿ. ಪ್ಯಾನೆಲ್ ಸ್ಕ್ರೂ ಮೇಲೆ ನಿಂತಿರುವಾಗಲೇ ಹೆಡ್‌ಲೈಟ್ ಬಳೆ, ಬಂಪರ್ ಬ್ರಾಕೆಟ್, ಕ್ರೋಮ್ ಪಟ್ಟಿ, ಗಾಜು ಎಲ್ಲವನ್ನೂ ಕೂರಿಸಿ, ಬಾನೆಟ್ ಲಾಕ್ ಹಾಕಿ ತೆಗೆದು, ಸ್ಟೇರಿಂಗ್ ಪೂರ್ತಿ ತಿರುಗಿಸಿ ಟೈರ್ ತಾಗುತ್ತದೆಯೇ ನೋಡಿ. ಕ್ರೋಮ್ ಪಟ್ಟಿಯ ತೂತು ಬಾಗಿಲಿನ ಪಟ್ಟಿಯ ನೇರಕ್ಕೆ ಬಂದಿಲ್ಲವೆಂದು ತಿಳಿಯಬೇಕಾದದ್ದು ಈಗ. ಬೋಲ್ಟ್ ಮೇಲೆ ಕೂರುವ ಮಡ್ಗಾರ್ಡ್ ಆದರೆ ತೂತನ್ನು ಉದ್ದಕ್ಕೆ ಅರದಿಂದ ತಿಕ್ಕಿ ಅಗಲಿಸಿ ದೊಡ್ಡ ವಾಷರ್ ಹಾಕಿದರೆ ನಾಲ್ಕೈದು ಮಿಲಿಮೀಟರ್ ಸರಿದಾಡುತ್ತದೆ. ಹಿಂಜಿನ ಅಡಿ ಶಿಮ್ (ತೆಳು ತಗಡಿನ ಬಿಲ್ಲೆ) ಕೊಟ್ಟು ಬಾಗಿಲನ್ನು ಹಿಂದಕ್ಕೆ ಸರಿಸಬಹುದು. ಇಷ್ಟರಲ್ಲಿ ಬಗೆಹರಿಯದಿದ್ದರೆ ಅಂಚನ್ನೇ ತಿದ್ದಬೇಕು. ಸಂದು ಹೆಚ್ಚಾಗಿದ್ದರೆ ಅಂಚಿಗೆ 1.6 ಮಿ.ಮೀ. ಕಂಬಿಯನ್ನು ಬೆಸೆದು ಅರ ಹಾಕಿ ಸಮ ಮಾಡುವುದು, ಕಡಿಮೆ ಇದ್ದರೆ ಅಂಚಿನ ಮಡಿಕೆಯನ್ನು ಬಿಚ್ಚಿ ಒಳಕ್ಕೆ ಮತ್ತೆ ಮಡಚುವುದು. ಮಡಿಕೆಯ ಅಂಚನ್ನು ಗ್ರೈಂಡರ್‌ನಲ್ಲಿ ಸವೆಸಿದರೆ ಮಡಿಕೆ ತೂತಾಗಿ ಎರಡು ತಗಡೂ ಬೇರೆಯಾಗುತ್ತವೆ. ಒಂದು ಸಂಗತಿ ಗಟ್ಟಿಯಾಗಿ ಹಿಡಿಯಿರಿ: ಬಾಡಿಯ ಕರ್ಣ ಸರಿ ಇದೆ ಎಂದಾದ ಮೇಲೆ ತಿದ್ದಬೇಕಾದದ್ದು ಪ್ಯಾನೆಲ್ಲನ್ನು, ಬಾಡಿಯನ್ನಲ್ಲ. ನಕಲಿಗೆ ಒಗ್ಗಲೆಂದು ಅಸಲಿಯನ್ನು ಬಡಿಯುವ ಕೆಲಸ ನಮ್ಮಲ್ಲಿ ದಿನಾ ನಡೆಯುತ್ತಿದೆ.

ನಮ್ಮೂರ ಬಿಸಿಲಿಗೂ ಇದರಲ್ಲಿ ಪಾಲಿದೆ. ಒಂದು ಮೀಟರ್ ಉದ್ದದ ಉಕ್ಕು 40 ಡಿಗ್ರಿ ಕಾವೇರಿದರೆ ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ. ಏಪ್ರಿಲ್-ಮೇ ಮಧ್ಯಾಹ್ನ ಶೆಡ್ಡಿನ ಬಾಗಿಲಿನಿಂದ ಬಿಸಿಲು ಒಂದೇ ಪಕ್ಕಕ್ಕೆ ಬೀಳುತ್ತಿದ್ದರೆ ಆ ಪಕ್ಕದ ಅಳತೆ ಸುಳ್ಳು. ಅಂತಿಮ ಅಳತೆ ಬೆಳಗಿನ ಹೊತ್ತು, ಇಡೀ ಗಾಡಿ ನೆರಳಲ್ಲಿ ಒಂದೇ ಕಾವಿನಲ್ಲಿರುವಾಗ ಆಗಲಿ.

ಎಲ್ಲ ಕೂತ ಮೇಲೆ ಕೊಯ್ಯುವ ಮಾತು. ಸಿಲ್‌ಗಳನ್ನು ಎರಡೂ ಪಕ್ಕ ಒಟ್ಟಿಗೆ ತೆಗೆಯಬೇಡಿ. ಒಂದು ಪಕ್ಕ ಪೂರ್ತಿ ಬೆಸೆದು, ಬಾಗಿಲು ತೂಗುಹಾಕಿ ನೋಡಿ, ಆಮೇಲೆ ಇನ್ನೊಂದು. ಜೋಡಣೆಯ ಗೆರೆಯ ಮೇಲೇ ಗ್ರೈಂಡರ್ ಇಡದೆ ಅದರಿಂದ ಒಂದು ಇಂಚು ಈಚೆಗೆ ಕೊಯ್ದು ದೊಡ್ಡ ತಗಡನ್ನು ತೆಗೆಯಿರಿ. ಉಳಿದ ಪಟ್ಟಿಯಲ್ಲಿ ಕಾರ್ಖಾನೆಯ ಸ್ಪಾಟ್ ವೆಲ್ಡ್ ಚುಕ್ಕೆಗಳು ಕಾಣುತ್ತವೆ. ಕಾಣದಿದ್ದರೆ ಬಣ್ಣ ಕೆರೆದು ಎಮರಿ ಆಡಿಸಿ, ಗುಳಿ ಗುಳಿಯಾಗಿ ತೋರುತ್ತವೆ. ಸ್ಪಾಟ್ ಕತ್ತರಿಸುವ 8 ಮಿ.ಮೀ. ಬಿಟ್ಟಿನಿಂದ ಮೇಲಿನ ತಗಡನ್ನು ಮಾತ್ರ ಕೊರೆದರೆ ಒಳಗಿನ ಅಂಚು ಹಾಳಾಗದೆ ಉಳಿಯುತ್ತದೆ. ಉಳಿ-ಸುತ್ತಿಗೆ ಹಿಡಿದು ಸೀಳಿದವರಿಗೆ ಹೊಸ ಪ್ಯಾನೆಲ್ ಬೆಸೆಯಲು ಅಂಚೇ ಸಿಗುವುದಿಲ್ಲ. ಚಾಸಿ ನಂಬರ್ ಗುದ್ದಿರುವ ತಗಡು, ಚಾಸಿ ನಂಬರಿನ ಪ್ಲೇಟು ರಿವೆಟ್ ಹೊಡೆದ ಜಾಗ ಇವುಗಳ ಹತ್ತಿರ ಗ್ರೈಂಡರ್ ಸುಳಿಯಬಾರದು.

ಬೆಸೆಯುವ ಮೊದಲು ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ, ಸೀಟು-ಕಾರ್ಪೆಟ್ ಹೊರಗಿರಲಿ, ಒಬ್ಬರು ನೀರಿನ ಬಕೆಟ್ ಹಿಡಿದು ನಿಲ್ಲಲಿ. ಆರ್ಕ್ ವೆಲ್ಡಿಂಗ್ ಈ ತಗಡಿಗೆ ಬೇಡವೇ ಬೇಡ. ಗ್ಯಾಸ್ ವೆಲ್ಡಿಂಗ್ ಬಲ್ಲ ಹಳಬರ ಕೈ ಇದ್ದರೆ ಒಳ್ಳೇದೇ, ಅದರ ಬೆಸುಗೆ ಮೆತ್ತಗಿದ್ದು ಸುತ್ತಿಗೆಗೆ ಬಗ್ಗುತ್ತದೆ, ಆದರೆ ಕಾವು ಅಗಲಕ್ಕೆ ಹರಡುತ್ತದೆ. ಸಿಓಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ವೆಲ್ಡಿಂಗ್ ಆದರೆ 0.8 ಮಿ.ಮೀ. ತಂತಿ ಸಾಕು, 0.6 ಸಿಕ್ಕರೆ ಇನ್ನೂ ಉತ್ತಮ. ಬರೀ ಸಿಓಟುಗಿಂತ ಆರ್ಗಾನ್ ಬೆರೆಸಿದ ಗ್ಯಾಸ್ ತೆಳು ತಗಡಿಗೆ ಮೆದು, ಕಿಡಿಯೂ ಕಡಿಮೆ. ಅಂಚಿನ ಮೇಲೆ ಅಂಚು ಬರುವಲ್ಲಿ ಹೊಸ ತಗಡಿಗೆ 6 ಮಿ.ಮೀ. ತೂತು, ದಪ್ಪ ತಗಡಾದರೆ 8 ಮಿ.ಮೀ., ಕಾರ್ಖಾನೆಯ ಚುಕ್ಕೆಗಳಿದ್ದ ಅಂತರದಲ್ಲೇ ಹೊಡೆದು, ತೂತಿನ ನಡುವಿನಿಂದ ಶುರುಮಾಡಿ ತುಂಬಬೇಕು. ಎರಡು ತಗಡೂ ಒಂದಕ್ಕೊಂದು ಅಪ್ಪಿರದಿದ್ದರೆ ಮೇಲೆ ಗುಬಟು ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ತೂತಿನ ಎರಡೂ ಮಗ್ಗುಲಿಗೆ ಗ್ರಿಪ್ಪು ಹಾಕಿ. ಒಳಮೈಗೆ ಮೊದಲೇ ಸತುವಿನ ವೆಲ್ಡಿಂಗ್ ಪ್ರೈಮರ್ ಬಳಿದಿರಲಿ. ಗ್ಯಾಲ್ವನೈಸ್ಡ್ ತಗಡಾದರೆ ಬೆಸೆಯುವ ಜಾಗದಲ್ಲಿ ಸತುವನ್ನು ಪೂರ್ತಿ ಕೆರೆದು, ಗಾಳಿಯಾಡುವ ಕಡೆ ಕೆಲಸ ಮಾಡಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ-ಜ್ವರ ಬರಬಹುದು.

ಮಡ್ಗಾರ್ಡಿನ ತುಂಡೊಂದನ್ನೇ ಹಾಕುವುದಾದರೆ ಒಂದರ ಮೇಲೊಂದು ಹೇರಬೇಡಿ, ಅಂಚಿಗೆ ಅಂಚು ಕೂಡಿಸಿ. ನಡುವೆ ತಗಡಿನ ದಪ್ಪದಷ್ಟೇ ಸಂದು. ಮೇಲೆ ಹೇರಿದ ಜೋಡಣೆಯ ನಡುವೆ ನೀರು ನಿಂತು ಒಳಗಿಂದ ತುಕ್ಕು ಬರುತ್ತದೆ. ಜೋಡಣೆ ಬಯಲಿನಂಥ ಚಪ್ಪಟೆ ಜಾಗದಲ್ಲಿ ಬೇಡ, ಗೆರೆಗೋ ಬಾಗಿಗೋ ಹತ್ತಿರವಿದ್ದರೆ ತಗಡು ತಾನೇ ಬಿಗಿಯಾಗಿ ನಿಲ್ಲುತ್ತದೆ. ಇಂಚಿಗೊಂದು ಚುಕ್ಕೆ ಹಾಕುತ್ತ ಈ ತುದಿ, ಆ ತುದಿ, ನಡು ಹೀಗೆ ಜಿಗಿಯುತ್ತ ಹೋಗಬೇಕು. ಚುಕ್ಕೆಯ ಮೇಲೆ ಬರಿಗೈ ಇಡುವಷ್ಟು ತಣ್ಣಗಾಗದೆ ಪಕ್ಕದ ಚುಕ್ಕೆ ಬೇಡ. ಬೆಸುಗೆ ಆರುವಾಗ ಕುಗ್ಗುತ್ತದೆ, ಸುತ್ತಲಿನ ತಗಡನ್ನು ಎಳೆದುಕೊಳ್ಳುತ್ತದೆ. ಆ ಅಲೆಯನ್ನು ಪುಟ್ಟಿಯಲ್ಲಿ ಮುಚ್ಚುವ ಬದಲು, ಗುಬಟನ್ನು ಗ್ರೈಂಡರಿನಲ್ಲಿ ಇಳಿಸಿ, ಹಿಂದೆ ಡಾಲಿ (ಆನಿಸಿ ಹಿಡಿಯುವ ಉಕ್ಕಿನ ಗಟ್ಟಿ) ಕೊಟ್ಟು ಬೆಸುಗೆಯ ಮೇಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹಿಗ್ಗಿಸಬೇಕು. ತಟ್ಟಬೇಕಾದದ್ದು ಬೆಸುಗೆಯನ್ನು. ಪಕ್ಕದ ಉಬ್ಬನ್ನು ಬಡಿದರೆ ಅಲೆ ಇನ್ನೊಂದು ಕಡೆ ಏಳುತ್ತದೆ.

ಬಾಗಿಲಿನ ಹೊರ ತಗಡು, ಅಂದರೆ ಡೋರ್ ಸ್ಕಿನ್, ಬೇರೆಯದೇ ವಿದ್ಯೆ. ಹಳೇ ಮಡಿಕೆಯ ಅಂಚನ್ನು ಸುತ್ತ ಸವೆಸಿದರೆ ಸ್ಕಿನ್ ಸಿಪ್ಪೆಯಂತೆ ಬರುತ್ತದೆ. ಒಳ ಚೌಕಟ್ಟಿನ ಅಂಚಿಗೆ ಮರಳು ಹೊಡೆಸಿ, ಪ್ರೈಮರ್ ಬಳಿದು, ಹೊಸ ಸ್ಕಿನ್ ಇಟ್ಟು ನಾಲ್ಕು ಮೂಲೆಯಲ್ಲಿ ಸ್ವಲ್ಪ ಸ್ವಲ್ಪವೇ ಮಡಚಿ. ಅಷ್ಟಕ್ಕೇ ಗಾಡಿಗೆ ತೂಗುಹಾಕಿ ನೋಡಿ. ಬಾಗಿಲು ತಿರುಚಿಕೊಂಡಿದ್ದರೆ ಮೇಲಿನ ಮೂಲೆಗೆ ಮರದ ತುಂಡು ಕೊಟ್ಟು ಕೆಳಗಿನ ಮೂಲೆಯನ್ನು ಒಳಕ್ಕೆ ಒತ್ತಿ ಈಗಲೇ ಸರಿಮಾಡಬೇಕು. ಮಡಿಕೆ ಪೂರ್ತಿ ಮುಚ್ಚಿದ ಮೇಲೆ ಆ ತಿರುಚು ಖಾಯಂ. ಮಡಚುವುದು ಮೂರು ಸುತ್ತಿನಲ್ಲಿ. ಮೊದಲ ಸುತ್ತು ಅರ್ಧ, ಎರಡನೆಯದು ಮುಕ್ಕಾಲು, ಮೂರನೆಯದು ಪೂರ್ತಿ. ಹೊರಮೈಗೆ ಆನಿಸಿದ ಡಾಲಿಗೆ ಬಟ್ಟೆಯ ಟೇಪು ಸುತ್ತಿರಲಿ, ಇಲ್ಲದಿದ್ದರೆ ಪ್ರತಿ ಏಟೂ ಹೊರಗೆ ಮೂಡುತ್ತದೆ. ಮಡಿಕೆಯೊಳಗೆ ಸೀಲರ್ ಎಳೆಯಲು ಮರೆತರೆ ಮೂರು ಮಳೆಗಾಲಕ್ಕೆ ಬಾಗಿಲ ಕೆಳಗಿನ ಅಂಚು ಮತ್ತೆ ಉದುರುತ್ತದೆ.

ಹಳೇ ಗಾಡಿಯ ಜೋಡಣೆಗಳಲ್ಲಿ ಸೀಸ-ತವರದ ತುಂಬು ಸಿಕ್ಕರೆ ಅದನ್ನು ಗ್ರೈಂಡರಿನಲ್ಲಿ ಉಜ್ಜಬೇಡಿ, ಸೀಸದ ಪುಡಿ ಉಸಿರಿಗೆ ವಿಷ. ಅರದಿಂದ ಇಳಿಸಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಪುಟ್ಟಿಯ ಬಗ್ಗೆ ಎರಡೇ ಮಾತು: ದಪ್ಪ 2ರಿಂದ 3 ಮಿ.ಮೀ. ಮೀರಬಾರದು, ಬರೀ ತಗಡಿಗೆ ಎಪಾಕ್ಸಿ ಪ್ರೈಮರ್ ಹೊಡೆದು ಅದರ ಮೇಲೆ ಹಾಕಬೇಕು. ಹಾರ್ಡನರ್ ತೂಕಕ್ಕೆ 2 ಶೇಕಡಾದಷ್ಟು. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾಕಿದರೆ ಬಣ್ಣದ ಮೇಲೆ ಹಳದಿ ಕಲೆ ಎದ್ದು ಬರುತ್ತದೆ. ನಮ್ಮ ಬೇಸಿಗೆಯಲ್ಲಿ ಅದು ತಟ್ಟೆಯಲ್ಲೇ ಗಟ್ಟಿಯಾಗುವುದರಿಂದ ಒಂದು ಸಲಕ್ಕೆ ನಿಂಬೆಹಣ್ಣಿನಷ್ಟೇ ಕಲಸಿಕೊಳ್ಳಿ. ರೆಡ್ ಆಕ್ಸೈಡ್ ಗೇಟು, ಕಿಟಕಿಗೆ ಸರಿ. ಅದರ ಮೇಲೆ ಲಕ್ಕರ್ ಥಿನ್ನರ್ ಬೆರೆತ ಬಣ್ಣ ಬಿದ್ದರೆ ಸುಕ್ಕೇಳುತ್ತದೆ.

ಪೇಂಟಿನ ಹೊಳಪಿಗೆ ಕೊಡುವ ಗಮನದಲ್ಲಿ ಕಾಲು ಭಾಗವನ್ನು ನೀರು ಇಳಿಯುವ ತೂತುಗಳಿಗೆ ಕೊಟ್ಟರೆ ಗಾಡಿ ಬದುಕುತ್ತದೆ. ನಕಲು ಸಿಲ್, ಸ್ಕಿನ್‌ಗಳಲ್ಲಿ ಈ ತೂತುಗಳೇ ಇರುವುದಿಲ್ಲ. ಹಳೇ ತಗಡಿನಲ್ಲಿ ಎಲ್ಲೆಲ್ಲಿದ್ದವು ನೋಡಿ ಅಲ್ಲೇ ಕೊರೆಯಿರಿ. ಹಳೇದನ್ನು ಎಸೆಯಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ಸಿರುಗುಪ್ಪ, ಸಿಂಧನೂರು ಕಡೆಯ ಎರೆಮಣ್ಣು ಮಡ್ಗಾರ್ಡಿನ ಒಳಗೆ ಹೆಡ್‌ಲೈಟ್ ಹಿಂದೆ, ಬಾಗಿಲ ಕಂಬದ ಮುಂದೆ ಮೆತ್ತಿಕೊಂಡರೆ ವಾರಗಟ್ಟಲೆ ಹಸಿ ಹಿಡಿದಿಡುತ್ತದೆ. ಸಂಡೂರು ದಾರಿಯ ಅದಿರಿನ ಧೂಳು ಸಿಲ್ ಒಳಗೆ ಸೇರಿ ತೂತು ಮುಚ್ಚುತ್ತದೆ. ಪೇಂಟ್ ಒಣಗಿದ ಮೇಲೆ ಸಿಲ್, ಕಂಬ, ಬಾಗಿಲ ಒಳಗಡೆ ಉದ್ದ ನಳಿಕೆಯಿಂದ ಮೇಣದ ತುಕ್ಕುನಿರೋಧಕ ಸಿಂಪಡಿಸಿ, ಆಮೇಲೆ ಆ ತೂತುಗಳನ್ನು ಕಂಬಿ ಹಾಕಿ ತೆರೆಯಿರಿ. ಸುಟ್ಟ ಎಂಜಿನ್ ಆಯಿಲ್ ಹೊಡೆಯುವವರು ಇದ್ದಾರೆ. ಅದು ರಬ್ಬರ್ ತಿನ್ನುತ್ತದೆ, ಮುಂದೆ ಯಾವ ಬಣ್ಣವನ್ನೂ ಹಿಡಿಸಲು ಬಿಡುವುದಿಲ್ಲ.

ಫೈಬರ್ ಮಡ್ಗಾರ್ಡ್ ಅಗ್ಗ, ಹಗುರ, ತುಕ್ಕಿಲ್ಲ ಎಂದು ಹೇಳಿ ಮಾರುತ್ತಾರೆ. ಬೋಲ್ಟಿನ ಬುಡದಲ್ಲಿ ಸೀಳು ಬಿಡುವುದನ್ನು ಅವರು ಹೇಳುವುದಿಲ್ಲ. ಇನ್ನೊಂದು ತೊಂದರೆ ರಾತ್ರಿ ಗೊತ್ತಾಗುತ್ತದೆ: ಈ ಕಾರುಗಳ ದೀಪದ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ತಗಡಿನ ಮೂಲಕವೇ. ಫೈಬರ್ ಹಾಕಿದರೆ ದೀಪ ಮಂಕು, ಇಲ್ಲವೇ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪ ಮಿಣುಕುತ್ತದೆ. ಹಾಕಲೇಬೇಕೆಂದರೆ ಪ್ರತಿ ದೀಪಕ್ಕೂ ಬೇರೆ ಅರ್ತ್ ತಂತಿ ಎಳೆಯಿರಿ. ಹೊಸ ತಗಡಿನ ಮಡ್ಗಾರ್ಡಿಗೂ ದಪ್ಪ ಬಣ್ಣ ಬಿದ್ದಿದ್ದರೆ ಬೋಲ್ಟಿನ ಅಡಿ ಸ್ವಲ್ಪ ಕೆರೆಯಬೇಕು.

ಕಾನೂನಿನ ಮಾತು ಕೊನೆಯದಾದರೂ ಸಣ್ಣದಲ್ಲ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಬಾಡಿಗೆಗೆ ಓಡದ ಸ್ವಂತ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ‘ವಿಎ’ ಅಕ್ಷರವಿರುವ ನಂಬರ್ ಸಿಗುತ್ತದೆ, ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಮಾಡುವಂಥ ದೊಡ್ಡ ಕೆಲಸ ನಡೆದಿರಬಾರದು ಎಂಬ ಷರತ್ತು ಅದರಲ್ಲಿದೆ. ತುಕ್ಕು ಹಿಡಿದ ಮಡ್ಗಾರ್ಡ್ ತೆಗೆದು ಅದೇ ಆಕಾರದ್ದನ್ನು ಹಾಕುವುದು ರಿಪೇರಿ, ಛಾವಣಿ ಕೊಯ್ದು ತೆರೆದ ಗಾಡಿ ಮಾಡುವುದು ಮಾರ್ಪಾಡು ಎಂಬುದು ನಮ್ಮ ತಿಳಿವಳಿಕೆ. ಪರಿಶೀಲನೆಗೆ ಬರುವ ಅಧಿಕಾರಿಗೆ ಅದನ್ನು ಬಾಯಲ್ಲಿ ಹೇಳಿದರೆ ಸಾಲದು. ಕೆಲಸಕ್ಕೆ ಮೊದಲಿನ, ನಡುವಿನ, ನಂತರದ ಫೋಟೋ, ಪ್ಯಾನೆಲ್ ಕೊಂಡ ಬಿಲ್ಲು, ಸಾಧ್ಯವಾದರೆ ಬಿಚ್ಚಿದ ಹಳೇ ತಗಡು ಎಲ್ಲ ಕೈಲಿರಲಿ. ಜೀಪಿನವರು ಇನ್ನೂ ಜೋಪಾನ. ಹರಿಯಾಣದ ಮಂಡಿ ಡಬವಾಲಿ ಕಡೆಯಿಂದ ಇಡೀ ಬಾಡಿಯನ್ನೇ ತರಿಸಿ ಚಾಸಿಯ ಮೇಲೆ ಇಡುವುದು ಸುಲಭ, ವಿಂಟೇಜ್ ಅರ್ಜಿ ಹಾಕಿದಾಗ ಅದೇ ಮುಳ್ಳು.

ನಮ್ಮ ಕೋರಿಕೆ ಎರಡು. ಮಾಲೀಕರು ಪ್ಯಾನೆಲ್ ಕೂರಿಸುವ ಕೂಲಿಯನ್ನು ‘ಒಂದು ಮಡ್ಗಾರ್ಡಿಗೆ ಇಷ್ಟು’ ಎಂದು ಗುತ್ತಿಗೆ ಮಾತಾಡುವುದನ್ನು ಬಿಡಲಿ. ಬೆಸೆಯುವುದಕ್ಕೆ ಒಂದು ದಿನವಾದರೆ ಹೊಂದಿಸುವುದಕ್ಕೆ ಮೂರು ದಿನ ಬೇಕು, ಗುತ್ತಿಗೆಯಲ್ಲಿ ಆ ಮೂರು ದಿನಕ್ಕೆ ಕಾಸಿಲ್ಲ, ಹಾಗಾಗಿ ಪುಟ್ಟಿ ಬರುತ್ತದೆ. ಎಸ್ಟಿಮೇಟಿನಲ್ಲಿ ಹೊಂದಿಸುವ ಕೂಲಿಯನ್ನು ಬೇರೆ ಸಾಲಿನಲ್ಲಿ ಬರೆಸಿ. ಎರಡನೆಯದು ಸರ್ಕಾರಕ್ಕೆ. ಕಾರಿಗೆ ಬೇಕಾದ ತೆಳು ಉಕ್ಕಿನ ತಗಡು ನಮ್ಮ ತೋರಣಗಲ್ಲಿನಲ್ಲೇ ಸುರುಳಿ ಸುರುಳಿಯಾಗಿ ತಯಾರಾಗುತ್ತದೆ, ಅದನ್ನು ಬಗ್ಗಿಸುವ ಕೈಗಳು ಮಾತ್ರ ಇಲ್ಲಿ ಕಡಿಮೆಯಾಗುತ್ತಿವೆ. ಐಟಿಐ ಪಟ್ಟಿಯಲ್ಲಿ ಶೀಟ್ ಮೆಟಲ್ ವರ್ಕರ್, ಆಟೋ ಬಾಡಿ ರಿಪೇರಿ ಎಂಬ ವೃತ್ತಿಗಳಿವೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಸರ್ಕಾರಿ ಐಟಿಐಗಳಲ್ಲಿ ಇವಕ್ಕೆ ಸೀಟು ಕೊಟ್ಟು, ಡಾಲಿ-ಸುತ್ತಿಗೆ ಹಿಡಿದು ಕಲಿಸುವ ಹಳೇ ಟಿಂಕರುಗಳನ್ನು ಸರ್ಟಿಫಿಕೇಟ್ ಕೇಳದೆ ಅತಿಥಿ ಬೋಧಕರಾಗಿ ಕರೆಯಬೇಕು.

– ಟಿಂಕರಿಂಗ್ ಕೆಲಸಗಾರರು, ಬಳ್ಳಾರಿ